ಬಾಗಕ್ಕ ಕೇಳಿದ ರೈಲುಗಳು

ತುರ್ಭೆಯ ಮಸಾಲೆ ಮಾರ್ಕೆಟ್ಟಿನಲ್ಲಿ ಸಿದ್ಧೇಶ್ವರ ಸೇಠರ ಅಂಗಡಿಗೆ ಹೊಸ ಗಿರಾಕಿ ಬಂದರೆ ಮೊದಲು ಅರ್ಧ ಗ್ಲಾಸಿನ ಕಟಿಂಗ್ ಚಹಾ ಬರುತ್ತಿತ್ತು, ಆಮೇಲೆ ಮಾಲಿನ ನಮೂನೆ. ಅದಕ್ಕೂ ಅವನು ಕರಗದಿದ್ದರೆ ಬಾಗಕ್ಕನ ಕಥೆ.

“ನಮ್ಮಲ್ಲಿ ಒಬ್ಬಾಕಿ ಹೆಣ್ಣಮಗಳು ಇದ್ದಾಳ್ರೀ,” ಎಂದು ಸೇಠರು ದನಿ ತಗ್ಗಿಸುತ್ತಿದ್ದರು. “ಡೊಂಬಿವಲಿ ಸ್ಟೇಷನ್ ದಾಟಿದ ಮ್ಯಾಲ ರೈಲ್ ಹಳಿ ಮಗ್ಗಲಕ್ಕ ಆಕಿ ಮನಿ ಇರೋ ಚಾಳು. ಹೊಸಾ ಲಾಟ್ ಬಂತಂದ್ರ ಒಂದ್ ಚಮಚ ಪುಡಿ ಕಟ್ಟಿ ಕೊಡ್ತೀವಿ. ಸಂಜಿಗೆ ಬಿಸಿ ಹಾಲಿನ್ಯಾಗ ಹಾಕ್ಕೊಂಡು ಕುಡೀತಾಳ. ಮರುದಿನ ಬಂದು, ರಾತ್ರಿ ಯಾವ್ಯಾವ ಗಾಡಿ ಹೋಗಿದ್ದು ಕೇಳಿಸ್ತು ಅಂತ ಹೇಳ್ತಾಳ. ಗಾಡಿ ಕಮ್ಮಿ ಕೇಳಿದ್ರ ಮಾಲು ಚಲೋ. ಎಲ್ಲಾ ಗಾಡಿ ಕೇಳಿದ್ರ ಮಾಲು ವಾಪಸ್.”

ಗಿರಾಕಿ ನಗುತ್ತಿದ್ದ. ಸೇಠರು ನಗುತ್ತಿರಲಿಲ್ಲ. ಡ್ರಾಯರಿನಿಂದ ಉದ್ದನೆಯ ನೋಟುಬುಕ್ಕು ತೆಗೆದು ಮುಂದಿಡುತ್ತಿದ್ದರು. ಎಡಗಡೆ ಲಾಟಿನ ನಂಬರು, ಬಲಗಡೆ ರೈಲುಗಳು. ಹತ್ತೂವರೆಯ ಬದಲಾಪುರ ಕೇಳಿತು, ಹನ್ನೊಂದೂ ಕಾಲರ ಕಸಾರಾ ಕೇಳಲಿಲ್ಲ, ಬೆಳಗಿನ ಮೊದಲ ಕರ್ಜತ್‌ಗೆ ಎಚ್ಚರ. ಹೀಗೆ ಹನ್ನೊಂದು ವರ್ಷ. ಆ ಪುಟಗಳನ್ನು ತಿರುವಿದ ಗಿರಾಕಿ ನಗು ನಿಲ್ಲಿಸಿ ಎರಡನೆಯ ಚಹಾ ಕುಡಿಯುತ್ತಿದ್ದ.

ಮಾಲು ಎಂದರೆ ಅಶ್ವಗಂಧ, ನಮ್ಮ ಕಡೆಯವರು ಹಿರೇಮದ್ದು ಎನ್ನುವ ಬೇರು. ಸೇಠರು ಗದಗದ ಕಡೆಯಿಂದ ಮೆಣಸಿನಕಾಯಿ ವ್ಯಾಪಾರಕ್ಕೆಂದು ಬಂದವರು. ಆಗ ಜನ ಖಾರ ತಿಂದು ಮಲಗುತ್ತಿದ್ದರು, ನಿದ್ದೆ ತಾನಾಗಿ ಬರುತ್ತಿತ್ತು, ಅದನ್ನು ಯಾರೂ ಮಾರುತ್ತಿರಲಿಲ್ಲ. ಈಗ ಕಾಲ ವ್ಯಾಪಾರಿಗಳ ಕಡೆಗೆ ಒಲಿದಿದೆ. ಠಾಣೆಯ ಇಪ್ಪತ್ತೆರಡನೆಯ ಮಹಡಿಯವರಿಂದ ಹಿಡಿದು ಕಾಮೋಠೆಯ ಒಂದು ಕೋಣೆಯವರ ತನಕ ಎಲ್ಲರ ಊಟದ ಮೇಜಿನ ಮೇಲೂ ಸಂಜೆಯ ಡಬ್ಬಿಯೊಂದು ಬಂದು ಕೂತಿದೆ. ಒಬ್ಬರದು ಮೆಗ್ನೀಷಿಯಂ, ಒಬ್ಬರದು ಅಶ್ವಗಂಧ, ಇನ್ನೊಬ್ಬರದು ಕರಡಿಯ ಆಕಾರದ ಹುಳಿಸಿಹಿ ಚಾಕಲೇಟು. ಹಗಲಿಡೀ ಕಾಫಿ ಕುಡಿದು ಎಚ್ಚರವನ್ನು ಕೊಂಡವರು ಸಂಜೆ ಏಳಕ್ಕೆ ನಿದ್ದೆ ಕೊಳ್ಳುತ್ತಾರೆ. ಎರಡೂ ಮಾಲು ಇದೇ ಮಾರ್ಕೆಟ್ಟಿನಿಂದ ಹೋಗುತ್ತವೆ ಎಂಬುದು ಸೇಠರಿಗೆ ಅತ್ಯಂತ ಸಮಾಧಾನದ ಸಂಗತಿ. ಅವರ ನಿದ್ದೆಗೆ ಅಷ್ಟೇ ಸಾಕಾಗುತ್ತಿತ್ತು.

ಬಾಗಕ್ಕ ಕಾರ್ಕಳದ ಕಡೆಯವಳು. ವಯಸ್ಸು ಅರವತ್ತನಾಲ್ಕು. ಗಂಡ ಭುಜಂಗ ಕಲ್ಯಾಣದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ. ಅವನು ತೀರಿಕೊಂಡ ಮೇಲೆ ಜಾಯಿಕಾಯಿ ಆರಿಸುವ ಕೆಲಸಕ್ಕೆಂದು ಸೇಠರ ಗೋದಾಮಿಗೆ ಬಂದಳು. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಠಾಣೆಯಿಂದ ತುರ್ಭೆಗೆ ಇನ್ನೊಂದು. ಜಾಯಿಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಹುಳ ಹಿಡಿದದ್ದನ್ನು ಒಡೆಯದೆಯೇ ಪಕ್ಕಕ್ಕೆ ಹಾಕುತ್ತಿದ್ದಳು. ಮಾತು ಕಡಿಮೆ. ಮಾತಾಡಿದರೆ ಎದುರಿನವರು ಸ್ವಲ್ಪ ಹೊತ್ತು ಸುಮ್ಮನಾಗಬೇಕು, ಹಾಗೆ.

ಈ ವರ್ಷ ಸೇಠರಿಗೆ ದೊಡ್ಡದೊಂದು ಆರ್ಡರ್ ಬಂತು. ಸಂಜೆ ಊಟವಾದ ಮೇಲೆ ನುಂಗುವ ಕ್ಯಾಪ್ಸೂಲು ಮಾಡುವ ಠಾಣೆಯ ಕಂಪನಿ. ಬುಧವಾರ ಮಾಲು ಎತ್ತಬೇಕು. ಅಷ್ಟು ಬೇರು ಕೈಯಲ್ಲಿರಲಿಲ್ಲ. ಎಂದೂ ಪುಡಿ ಕೊಳ್ಳದ ಸೇಠರು ಅವಸರಕ್ಕೆ ಹೊಸ ಪಾರ್ಟಿಯೊಬ್ಬನಿಂದ ತಯಾರಿ ಪುಡಿಯನ್ನೇ ಕೊಂಡರು. ಲ್ಯಾಬಿನ ಸರ್ಟಿಫಿಕೇಟು ಮೂಟೆಗಿಂತ ಮೊದಲೇ ಬಂದಿತ್ತು. ಸಾರದ ಅಂಶ ಬೇಕಾದುದಕ್ಕಿಂತ ಒಂದು ಕೂದಲು ಜಾಸ್ತಿಯೇ ಎಂದು ಅದರಲ್ಲಿ ಬರೆದಿತ್ತು.

ರೂಢಿಯಂತೆ ಒಂದು ಚಮಚ ಪುಡಿ ಬಾಗಕ್ಕನ ಕೈಗೆ ಹೋಯಿತು. ಮರುದಿನ ಬೆಳಿಗ್ಗೆ ಆಕೆ ಬಂದವಳೇ ಚೀಲ ಗೂಟಕ್ಕೆ ಸಿಕ್ಕಿಸಿ, “ಆಗುದಿಲ್ಲ ಸೇಟ್ರೇ. ಎಲ್ಲಾ ಗಾಡಿ ಕೇಳಿದೆ,” ಎಂದಳು.

“ಎಲ್ಲಾ ಅಂದ್ರ?”

“ಬದಲಾಪುರ, ಕಸಾರಾ, ಕರ್ಜತ್, ಮಧ್ಯೆ ಎರಡು ಗೂಡ್ಸು. ಒಂದು ಗೂಡ್ಸಿಗೆ ಎಷ್ಟು ಡಬ್ಬ ಅಂತ ಬೇಕಾದ್ರೆ ಹೇಳ್ತೇನೆ.”

ಸೇಠರ ಮುಖ ಇಳಿಯಿತು. ಮಗಳು ಪೂನಂ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಫಾರ್ಮಸಿ ಓದಿ, ಎರಡು ವರ್ಷದಿಂದ ಅಪ್ಪನ ಕಾಗದಪತ್ರವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು. ಬಾಗಕ್ಕ ಗೋದಾಮಿನ ಒಳಕ್ಕೆ ಹೋಗುವುದನ್ನೇ ಕಾದು ಶುರುಮಾಡಿದಳು.

“ಅರೇ ಪಪ್ಪಾ, ಟ್ರೇನ್ ಎಣಿಸಿ ಕ್ವಾಲಿಟಿ ಚೆಕ್ ಮಾಡೋ ಅಂಗಡಿ ಪೂರಾ ಇಂಡಿಯಾದಲ್ಲಿ ನಮ್ದೊಂದೇ. ಆಕಿಗೆ ವಯಸ್ಸಾಯ್ತು. ಉಮರ್ ಆದ್ರೆ ನೀಂದ್ ಕಮ್ಮಿ ಆಗ್ತದೆ. ಪೌಡರ್ ಖರಾಬ್ ಅಲ್ಲ, ಬಾಗಕ್ಕಂದೇ ನಿದ್ದಿ ಖರಾಬ್.”

“ಹನ್ನೊಂದ್ ವರ್ಷ ಒಂದ್ಸಲಾನೂ ತಪ್ಪಿಲ್ಲವ್ವಾ ಆಕಿ.”

“ಯಾರು ಚೆಕ್ ಮಾಡ್ಯಾರ? ಆಕಿ ವಾಪಸ್ ಅಂದದ್ದನ್ನ ನೀವು ವಾಪಸ್ ಕಳಿಸಿದ್ರಿ. ಸರಿ ಇತ್ತೋ ತಪ್ಪಿತ್ತೋ, ಯಾರಿಗ್ಗೊತ್ತು? ಒಂದು ಟೆಸ್ಟ್ ಮಾಡೋಣ. ಫೇಲ್ ಆದ್ರೆ ಈ ಕೆಲ್ಸ ಬಂದ್. ಜಾಯಿಕಾಯಿ ಆರಿಸ್ಕೊಂಡು ಆರಾಮಾಗಿ ಇರ್ಲಿ.”

ಮಗಳು ಹೇಳಿದ್ದರಲ್ಲಿ ತೂತು ಹುಡುಕಿದರು ಸೇಠರು. ಸಿಗಲಿಲ್ಲ. ತಾನೇ ಖರ್ಚು ಮಾಡಿ ಓದಿಸಿದ ಬುದ್ಧಿ ತನ್ನ ಮೇಲೆಯೇ ತಿರುಗಿದಾಗ ಯಾವ ಅಪ್ಪನಿಗೂ ಆಗುವಂತೆ ಅವರಿಗೂ ಅರ್ಧ ಹೆಮ್ಮೆ, ಅರ್ಧ ಉರಿ. ಆದರೆ ಅದರ ಕೆಳಗೆ ನಿಜವಾದ ದಿಗಿಲಿತ್ತು. ಬಾಗಕ್ಕ ತಪ್ಪಿದರೆ ಹನ್ನೊಂದು ವರ್ಷ ತಾನು ಗಿರಾಕಿಗಳಿಗೆ ಹೇಳಿದ್ದೆಲ್ಲ ಸುಳ್ಳು. ತಪ್ಪದಿದ್ದರೆ ಬುಧವಾರದ ಆರ್ಡರ್ ಹೋಯಿತು.

ಮೂರು ಪೊಟ್ಟಣ ಕಟ್ಟಿದರು, ಮೂರಕ್ಕೂ ಹೆಸರಿಲ್ಲ, ಉತ್ತರ ಸೋಮವಾರ ಒಟ್ಟಿಗೆ. ಗುರುವಾರಕ್ಕೆ ಹೊಸ ಲಾಟೇ ಮತ್ತೊಮ್ಮೆ. ಶುಕ್ರವಾರಕ್ಕೆ ಗೋದಾಮಿನಲ್ಲಿ ಉಳಿದಿದ್ದ ಹಳೆಯ, ಒಳ್ಳೆಯ ಬೇರಿನ ಪುಡಿ. ಶನಿವಾರದ್ದನ್ನು ಪೂನಂ ಮನೆಯಲ್ಲೇ ತಯಾರಿಸಿದಳು. ಗೋಧಿ ಹಿಟ್ಟನ್ನು ಕೆಂಪಗೆ ಹುರಿದು, ಕಹಿಗೆ ಒಂದು ಚಿಟಿಕೆ ಮೆಂತ್ಯದ ಪುಡಿ ಬೆರೆಸಿ, ಹಳೆಯ ಚೀಲದಲ್ಲಿ ಎರಡು ದಿನ ಇಟ್ಟು ಅದರ ವಾಸನೆ ಹಿಡಿಸಿದಳು. ಕಲಬೆರಕೆಯಲ್ಲಿ ಅಷ್ಟು ಕೈಚಳಕ ಮಗಳಿಗೆ ಎಲ್ಲಿಂದ ಬಂತೆಂದು ಸೇಠರು ಕೇಳಲಿಲ್ಲ. ಮಾರ್ಕೆಟ್ಟಿನಲ್ಲಿ ಬೆಳೆದವಳು.

ಸೋಮವಾರ ಬೆಳಿಗ್ಗೆ ಬಾಗಕ್ಕ ಬಂದಳು. ಸೇಠರು ನೋಟುಬುಕ್ಕು ತೆರೆದು, ಪೆನ್ನಿನ ಟೋಪಿ ತೆಗೆದು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಕಾದಿದ್ದರು.

“ಗುರುವಾರದ್ದು ಬೇಡ ಸೇಟ್ರೇ. ಮೊನ್ನೆಯ ಹಾಗೆಯೇ, ಎಲ್ಲಾ ಗಾಡಿ ಕೇಳಿತು. ಶುಕ್ರವಾರದ್ದು ಬಂಗಾರ. ಹತ್ತೂವರೆಯ ಬದಲಾಪುರವೇ ಕಡೆ, ಮತ್ತೆ ಬೆಳಗಿನ ಕರ್ಜತ್. ಶನಿವಾರದ್ದು,” ಎಂದು ಮುಖ ಹಿಂಡಿದಳು, “ಅದನ್ನು ತಂದವನಿಗೆ ಇನ್ನು ಚಾ ಕೂಡ ಕೊಡ್ಬೇಡಿ. ಹನ್ನೊಂದೂ ಕಾಲರ ಕಸಾರಾ, ಹನ್ನೆರಡೂ ಹತ್ತರ ಕರ್ಜತ್, ಎಲ್ಲಾ ಕಿವಿಯಲ್ಲೇ ಹೋದ ಹಾಗಾಯ್ತು.”

ಸೇಠರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಮೂರಕ್ಕೆ ಮೂರೂ ಸರಿ! ಕಣ್ಣು ಒದ್ದೆಯಾಯಿತು. “ನೋಡಿದ್ಯಾ?” ಎಂದು ಮಗಳ ಕಡೆ ತಿರುಗಿದರು. “ನೋಡಿದ್ಯಾ ಪೂನಂ? ಕಿವಿ ಅಂದ್ರ ಇದು!”

ಪೂನಂ ನಗಲಿಲ್ಲ. ಬಾಗಕ್ಕನನ್ನೇ ನೋಡುತ್ತ, “ಬಾಗಕ್ಕ, ಶನಿವಾರ ನಾನು ಬದಲಾಪುರದಲ್ಲಿ ಫ್ರೆಂಡ್ ಶಾದಿಗೆ ಹೋಗಿದ್ದೆ,” ಎಂದಳು. “ವಾಪಸ್ ಟ್ಯಾಕ್ಸಿ ಮಾಡಿ ಬರಬೇಕಾಯ್ತು. ಹನ್ನೊಂದರಿಂದ ಡೊಂಬಿವಲಿ ಲೈನ್ ಮೇಲೆ ಬ್ಲಾಕ್ ಇತ್ತು. ಹಳಿ ರಿಪೇರಿ. ಬೆಳಗಾಗೋ ತನಕ ಒಂದೂ ಗಾಡಿ ಓಡಿಲ್ಲ.”

ಸೇಠರ ಪೆನ್ನು ‘ಹನ್ನೆರಡೂ ಹತ್ತು’ ಎಂದು ಬರೆದ ಕಡೆಯೇ ನಿಂತು ಶಾಯಿ ಚುಕ್ಕೆಯಾಯಿತು.

ಬಾಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹೆದರಿದ ಹಾಗೆ ಕಾಣಲಿಲ್ಲ. ಸೊಪ್ಪಿನವನು ತೂಕ ತಪ್ಪಿಸಿ ಸಿಕ್ಕಿಬಿದ್ದರೆ ಹೇಗೆ ನಗುತ್ತಾನೋ ಹಾಗೆ ಒಂದು ಸಣ್ಣ ನಗೆ ಬಂತು. “ಮಲ್ಲಿಕಾ ಇಲ್ಲದೆ ಹೀಗಾಯ್ತು,” ಎಂದಳು. “ಪಕ್ಕದ ಖೋಲಿಯವಳು. ಹೋಟೆಲ್ ಕೆಲಸ ಮುಗಿಸಿ ಕಡೇ ಗಾಡಿಗೆ ಬರ್ತಾಳೆ. ಯಾವ ಗಾಡಿ ಬಂತು, ಯಾವುದು ಲೇಟು, ಬೆಳಿಗ್ಗೆ ನೀರಿನ ನಳ್ಳಿಯ ಹತ್ತಿರ ಅವಳೇ ಹೇಳೋದು. ಮಗಳ ಬಾಣಂತನಕ್ಕೆ ಕಾಮೋಠೆಗೆ ಹೋಗಿದ್ದಾಳೆ. ನಾನು ಅಂದಾಜಿಗೆ ಹೇಳಿದೆ.”

“ಅಂದ್ರ ನೀವು ಗಾಡಿ…”

“ನಾನೊಂದು ಗಾಡಿಯನ್ನೂ ಕೇಳಿದವಳಲ್ಲ ಸೇಟ್ರೇ. ಒಂಬತ್ತಕ್ಕೆ ತಲೆ ಇಟ್ರೆ ನಾಲ್ಕಕ್ಕೇ ನನಗೆ ಲೋಕ ಗೊತ್ತಾಗೋದು. ಹಳಿಯನ್ನೇ ಎತ್ತಿ ಮನೆಯೊಳಗೆ ಹಾಸಿದ್ರೂ ಎಚ್ಚರ ಆಗುದಿಲ್ಲ.”

“ಮತ್ತ ಪುಡಿ? ಹಾಲಿನ್ಯಾಗ ಹಾಕ್ಕೊಂಡು ಕುಡೀತಿದ್ರಲ್ಲ!”

“ಒಂದು ಚಿಟಿಕೆ ನಾಲಿಗೆಗೆ. ಉಳಿದದ್ದು ಚಾಳಿನ ಹಿಂದಿನ ನುಗ್ಗೆ ಮರದ ಬುಡಕ್ಕೆ. ಅದು ಹನ್ನೊಂದು ವರ್ಷದಿಂದ ಚೆಂದ ನಿದ್ದೆ ಮಾಡ್ತಾ ಉಂಟು, ಒಂದು ಕಾಯಿ ಬಿಡುದಿಲ್ಲ.”

ಪೂನಂಗೆ ನಗು ತಡೆಯಲಾಗಲಿಲ್ಲ. ಸೇಠರಿಗೆ ಮಾತ್ರ ನಗು ಬರಲಿಲ್ಲ. ಜೀವನದಲ್ಲಿ ಅವರಿಗೆ ಕೆಟ್ಟ ಮಾಲು ದಾಟಿಸಲು ಬಂದವರು ನೂರಾರು ಮಂದಿ, ಎಲ್ಲರನ್ನೂ ಬಾಗಿಲಲ್ಲೇ ಗುರುತು ಹಿಡಿದವರು ಅವರು. ಇಲ್ಲಿ ನೋಡಿದರೆ ಗೋದಾಮಿನ ಒಳಗೇ ಕೂತು ಹನ್ನೊಂದು ವರ್ಷ ಅವರಿಗೆ ರೈಲು ಮಾರಿದ್ದಳು ಒಬ್ಬಳು. ಅದನ್ನು ಅವರು ಬಿಳಿ ಹಾಳೆಯ ಮೇಲೆ ಇಳಿಸಿಕೊಂಡು ಊರಿಗೆಲ್ಲ ತೋರಿಸಿದ್ದರು.

“ಯಾಕ್ರೀ ಬಾಗಕ್ಕ? ನನ್ನ ಮುಂದ ಯಾಕ ಈ ಸುಳ್ಳು?”

ಬಾಗಕ್ಕ ಈಗ ಅವರನ್ನು ನೇರವಾಗಿ ನೋಡಿದಳು. “ಮೊದಲನೆಯ ವರ್ಷ ನಾನು ಸತ್ಯವನ್ನೇ ಹೇಳಿದ್ದೆ. ನಿಮಗೆ ನೆನಪಿಲ್ಲ. ಒಂದು ಲಾಟ್ ಬಂದಾಗ, ಇದು ಸರಿಯಾದ ಬೇರಲ್ಲ, ವಾಸನೆ ಬೇರೆ ಉಂಟು ಅಂದೆ. ನೀವು ನಕ್ಕಿರಿ. ನಿಮ್ಮ ಮೂಗನ್ನ ಯಾವ ಪಾರ್ಟಿ ನಂಬ್ತದ ಬಾಗಕ್ಕ, ಜಾಯಿಕಾಯಿ ನೋಡ್ಕೊಳ್ರೀ ಅಂದ್ರಿ. ಮಾಲು ಕಳಿಸಿದ್ರಿ. ಅದು ತಿರುಗಿ ಬಂತು. ಎರಡನೇ ಸಲ ನಾನು, ನಿನ್ನೆ ಸಂಜೆ ಕುಡಿದೆ, ನಿದ್ದೆಯೇ ಬರಲಿಲ್ಲ, ಹನ್ನೊಂದೂ ಕಾಲರ ಕಸಾರಾ ಕೇಳಿದೆ ಅಂದೆ. ನೀವು ಕೂಡಲೇ ಪೆನ್ನು ತೆಗೆದ್ರಿ.” ನೋಟುಬುಕ್ಕಿನ ಕಡೆ ಕೈ ತೋರಿದಳು. “ಗಂಡಸರಿಗೆ ವಾಸನೆ ಹೇಳಿದ್ರೆ ಹೆಂಗಸರ ಮಾತು. ಟೈಮ್ ಹೇಳಿದ್ರೆ ಸಾಕ್ಷಿ.”

ಸೇಠರು ನೋಟುಬುಕ್ಕು ಮುಚ್ಚಿದರು. ಅವರಿಗೆ ನೆನಪಿತ್ತು. ನಕ್ಕದ್ದೂ ನೆನಪಿತ್ತು.

ಆದರೆ ಪೂನಂ ತನ್ನ ಕುರ್ಚಿ ಬಿಟ್ಟು ಮುಂದೆ ಬಂದಿದ್ದಳು. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಗಾಡಿ ಸುಳ್ಳು, ನಿದ್ದೆ ಸುಳ್ಳು. ಆದರೂ ಮೂರು ಪೊಟ್ಟಣವೂ ಸರಿ! ಅವಳು ಒಳಗೆ ಹೋಗಿ, ಕಪಾಟಿನಲ್ಲಿದ್ದ ಹಳೆಯ, ಹೊಸ ನಮೂನೆಗಳಿಂದ ಐದು ಕಾಗದದ ಚೂರುಗಳ ಮೇಲೆ ಐದು ಬಗೆಯ ಪುಡಿ ಸುರಿದುಕೊಂಡು ಬಂದು ಮೇಜಿನ ಮೇಲಿಟ್ಟಳು. ನಂಬರು ಕಾಗದದ ಕೆಳಗಡೆ, ಅವಳಿಗೂ ಕಾಣದ ಹಾಗೆ. “ಬಾಗಕ್ಕ, ಗಾಡಿ ಬೇಡ. ಇದು ಹೇಳಿ.”

ಬಾಗಕ್ಕ ಕೈ ತೊಳೆದು ಬಂದಳು. ಒಂದು ಚಿಟಿಕೆ ತೆಗೆದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದಳು. ಬಾಯಿ ತೆರೆದು ಅದರ ಮೇಲೆ ಬಿಸಿ ಉಸಿರು ಬಿಟ್ಟಳು. ಮೂಗಿಗೆ ಹಿಡಿದಳು. ಕಡೆಗೆ ನಾಲಿಗೆಯ ತುದಿಗೆ. ಕಣ್ಣು ಮುಚ್ಚಿಕೊಂಡಿದ್ದಳು. ಸೇಠರು ಆ ಮುಖವನ್ನು ಹನ್ನೊಂದು ವರ್ಷ ದಿನಾ ನೋಡಿದ್ದರು, ಹೀಗೆ ನೋಡಿರಲಿಲ್ಲ. ದೂರದಲ್ಲಿ ಯಾರೋ ಕರೆದದ್ದಕ್ಕೆ ಕಿವಿಗೊಟ್ಟವರ ಮುಖದ ಹಾಗೆ ಇತ್ತು.

“ಇದು ನೀಮಚ್ ಕಡೆಯದು, ಎರಡು ವರ್ಷ ಹಳತು. ಇದೂ ಅಲ್ಲಿಯದೇ, ಆದ್ರೆ ಮಳೆ ನೀರು ತಾಗಿ ಒಣಗಿದ್ದು. ಇದು ಸಣ್ಣ ಬೇರು, ಕಿತ್ತದ್ದು ಬೇಗ ಆಯ್ತು. ಇದು ಶುಕ್ರವಾರ ಕೊಟ್ಟದ್ದೇ.”

ಪೂನಂ ಒಂದೊಂದೇ ಕಾಗದ ತಿರುಗಿಸಿ ನಂಬರು ನೋಡಿ ರಿಜಿಸ್ಟರಿನೊಂದಿಗೆ ಹೋಲಿಸುತ್ತಿದ್ದಳು. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಪಪ್ಪಾ,” ಎಂದಳು ಮೆಲ್ಲಗೆ, “ಈ ಎರಡನೇದು… ಭಿವಂಡಿ ಗೋದಾಮಿನ ಛತ್ತು ಸೋರಿತ್ತಲ್ಲ, ಆವಾಗಿಂದು.”

ಸೇಠರು ರಿಜಿಸ್ಟರು ಎಳೆದುಕೊಂಡು ಆ ಸಾಲನ್ನು ತಾವೇ ಓದಿದರು.

ಐದನೆಯದನ್ನು ಬಾಗಕ್ಕ ನಾಲಿಗೆಗೆ ಮುಟ್ಟಿಸಿದವಳೇ ಬಾಗಿಲಾಚೆ ಹೋಗಿ ಉಗಿದು ಬಂದಳು. “ಇದು ನಿಮ್ಮ ಹೊಸ ಪಾರ್ಟಿದು. ಬೇರು ಉಂಟು, ಇಲ್ಲ ಅಂತಲ್ಲ. ಆದ್ರೆ ಎಲೆ, ಕಡ್ಡಿ ಎಲ್ಲಾ ಅರೆದು ಸೇರಿಸಿದ್ದಾರೆ. ನಾಲ್ಕರಲ್ಲಿ ಒಂದು ಪಾಲು. ಬೇರಿನ ಕಹಿ ತಡವಾಗಿ ಬರ್ತದೆ, ಗಂಟಲಲ್ಲಿ. ಎಲೆಯದ್ದು ಬಾಯಿಗೆ ಹಾಕಿದ ಕೂಡಲೇ ನಾಲಿಗೆ ಹಿಡೀತದೆ.”

“ವಾಸನೆ?” ಎಂದಳು ಪೂನಂ. ಈಗ ಅವಳ ದನಿಯಲ್ಲಿ ಪರೀಕ್ಷೆ ಇರಲಿಲ್ಲ.

“ಕಲ್ಯಾಣದಲ್ಲಿ ನಮ್ಮ ಖೋಲಿಯ ಕೆಳಗೆ ಟಾಂಗಾದವರ ಲಾಯ ಇತ್ತು ಮಗಾ. ಮದುವೆಯಾಗಿ ಬಂದವಳು ಹದಿನಾಲ್ಕು ವರ್ಷ ಅದರ ಮೇಲೆ ಮಲಗಿದ್ದೇನೆ. ಸ್ಟೇಷನ್ನಿಗೆ ಹತ್ತು ಸಲ ಹೋಗಿ ಬಂದ ಕುದುರೆಯ ಮೈ ವಾಸನೆ ಹೇಗಿರ್ತದೆ ಅಂತ ನನಗೆ ಯಾವ ಪುಸ್ತಕವೂ ಹೇಳ್ಬೇಕಾಗಿಲ್ಲ. ಒಳ್ಳೆ ಬೇರು ಬಿಸಿ ಉಸಿರು ತಾಗಿದ ಕೂಡಲೇ ಆ ಬೆವರು ಬಿಡ್ತದೆ. ಇದರಲ್ಲಿ,” ಎಂದು ಐದನೆಯ ಕಾಗದವನ್ನು ಬೆರಳಿನಿಂದ ದೂಡಿದಳು, “ಕುದುರೆ ಸ್ವಲ್ಪ, ಅದರ ಎದುರು ಹಾಕಿದ ಹುಲ್ಲು ಜಾಸ್ತಿ.”

“ಲ್ಯಾಬ್‌ನವರು ಸಾರ ಮಾತ್ರ ಅಳೆದಿದ್ದಾರೆ,” ಎಂದಳು ಪೂನಂ, ಅಪ್ಪನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ. “ಸಾರ ಎಲೆಯಲ್ಲೂ ಇರ್ತದೆ. ನಂಬರ್ ಪಾಸ್ ಆಗ್ತದೆ. ನಂಗೆ ಹೊಳೀಲೇ ಇಲ್ಲ.”

ಹನ್ನೊಂದು ವರ್ಷ ಸೇಠರು ಬೆರಗಾದದ್ದು ಈ ಹೆಂಗಸಿನ ಕಿವಿಗೆ. ಆ ಬೆರಗನ್ನು ಈಗ ಅಲ್ಲಿಂದ ಎತ್ತಿ ಬೇರೆ ಕಡೆ ಇಡಬೇಕಾಗಿತ್ತು, ಇಡಹೋದರೆ ಅದು ಮೊದಲಿಗಿಂತ ಭಾರವಾಗಿತ್ತು. ಚಿಟಿಕೆ ಧೂಳಿನಲ್ಲಿ ಊರು, ವರ್ಷ, ಸೋರಿದ ಛಾವಣಿ, ಮೋಸ ಮಾಡಿದವನ ಕೈ, ಎಲ್ಲವನ್ನೂ ಓದುವ ಒಂದು ನಾಲಿಗೆ ತಮ್ಮ ಗೋದಾಮಿನ ಮೂಲೆಯಲ್ಲಿ ಕೂತಿತ್ತು. ಅದು ಬದುಕಿಕೊಳ್ಳಲು ರೈಲಿನ ವೇಳಾಪಟ್ಟಿ ಹೊದ್ದುಕೊಳ್ಳಬೇಕಾಗಿತ್ತು.

ಆಮೇಲೆ ಅವರು ಠಾಣೆಗೆ ಫೋನು ಹಚ್ಚಿದರು. ಕಂಪನಿಯ ಖರೀದಿ ನೋಡುವ ಜಯೇಶ್‌ಗೆ ಮಾಲು ಬುಧವಾರ ಬರುವುದಿಲ್ಲವೆಂದೂ ಪುಡಿಯಲ್ಲಿ ಎಲೆ ಸೇರಿದೆಯೆಂದೂ ಹಿಂದಿಯಲ್ಲಿ ಹೇಳಿದರು.

“ರಿಪೋರ್ಟ್ ಓಕೆ ಇದೆಯಲ್ಲ ಸೇಠ್‌ಜೀ,” ಎಂದ ಜಯೇಶ್. “ನಾವೇ ಒಪ್ಪಿದ ಮೇಲೆ ನಿಮಗೇನು? ಯಾರು ಹೇಳಿದ್ರು ಎಲೆ ಇದೆ ಅಂತ? ಬೇರೆ ಲ್ಯಾಬಾ?”

ಸೇಠರಿಗೆ ಬೇರೆ ಲ್ಯಾಬ್ ಅನ್ನುವುದು ಸುಲಭವಿತ್ತು. ಎದುರಿಗೆ ಬಾಗಕ್ಕ ನಿಂತು ಸೆರಗಿನ ತುದಿಯಿಂದ ನಾಲಿಗೆ ಒರೆಸಿಕೊಳ್ಳುತ್ತಿದ್ದಳು.

“ನಮ್ಮಲ್ಲಿ ಒಬ್ಬರು ಇದ್ದಾರೆ, ಬಾಗಕ್ಕ ಅಂತ. ಅವರು ರುಚಿ ನೋಡಿ ಹೇಳಿದರು.”

“ಟೆಕ್ನಿಷಿಯನ್ನಾ?”

“ಅಲ್ಲ. ಜಾಯಿಕಾಯಿ ಆರಿಸುತ್ತಾರೆ.”

ಜಯೇಶ್ ಉಸಿರುಬಿಟ್ಟು, ಹತ್ತು ದಿನ ಕೊಡುತ್ತೇನೆ, ಸೂಕ್ಷ್ಮದರ್ಶಕದಲ್ಲಿ ನೋಡುವ ಲ್ಯಾಬಿನಿಂದ ಕಾಗದ ತನ್ನಿ, ಅಲ್ಲಿ ಬೇರು ಮಾತ್ರ ಎಂದು ಬಂದರೆ ಮುಂದೆ ನಮ್ಮ ಕಡೆ ಮುಖ ಹಾಕಬೇಡಿ ಎಂದ. ಸೇಠರು ಒಪ್ಪಿದರು.

ಕಾಗದ ಎಂಟನೆಯ ದಿನ ಬಂತು. ಪೂನಂ ಅದನ್ನು ಓದಿ, ಇನ್ನೊಮ್ಮೆ ಓದಿ, ಅಪ್ಪನ ಕೈಗೆ ಕೊಟ್ಟಳು. ಎಲೆ ಮತ್ತು ಕಾಂಡದ ಚೂರುಗಳು, ಸುಮಾರು ನೂರಕ್ಕೆ ಇಪ್ಪತ್ತಾರು. ಸೇಠರು ಕಾಗದ ಹಿಡಿದುಕೊಂಡು ಗೋದಾಮಿನ ಒಳಕ್ಕೆ ಹೋದರು. ಬಾಗಕ್ಕ ಜಾಯಿಕಾಯಿಯ ರಾಶಿಯ ಎದುರು ಕೂತಿದ್ದಳು. ಸೇಠರು ಗೋಣಿಚೀಲವೊಂದನ್ನು ಎಳೆದುಕೊಂಡು ಅವಳ ಎದುರಿಗೆ ನೆಲದ ಮೇಲೆ ಕೂತರು. ಅವರು ಗೋದಾಮಿನಲ್ಲಿ ನೆಲಕ್ಕೆ ಕೂತದ್ದನ್ನು ಅಲ್ಲಿಯ ಹಮಾಲರು ಯಾರೂ ನೋಡಿರಲಿಲ್ಲ.

“ಮಷೀನು ಇಪ್ಪತ್ತಾರು ಅಂತ ಹೇಳ್ಯದ ಬಾಗಕ್ಕ. ನೀವು ನಾಲ್ಕರಾಗ ಒಂದು ಅಂದಿದ್ರಿ. ಅದಕ್ಕ ಎಂಟು ದಿನ ಹಿಡೀತು.”

“ಪಾಪ, ಅದಕ್ಕೆ ನಾಲಿಗೆ ಇಲ್ವಲ್ಲ,” ಎಂದಳು ಬಾಗಕ್ಕ.

ಪೂನಂ ಹಿಂದೆಯೇ ಬಂದು ನಿಂತಿದ್ದಳು. “ಬಾಗಕ್ಕ, ನಂಗೂ ಕಲಿಸ್ತೀರಾ?”

ಬಾಗಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಮೊದಲು ಆ ಪುದೀನದ ಚ್ಯೂಯಿಂಗ್ ಗಮ್ ಬಿಡು. ಮತ್ತೆ ಒಂದು ವರ್ಷ ಬರೇ ನೀರು ಕುಡಿದು ನೀರಿನ ರುಚಿ ಹೇಳು. ಆಮೇಲೆ ನೋಡುವ.”

ಪೂನಂ ಬಾಯಲ್ಲಿದ್ದದ್ದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದಳು. ಒಂದೂ ಎದುರು ಮಾತಾಡಲಿಲ್ಲ. ಬಾಗಕ್ಕನ ನಾಲಿಗೆಯ ನಂತರ ಸೇಠರು ಕಂಡ ಎರಡನೆಯ ಪವಾಡ ಅದು.

ಏಳಲು ನೆಲಕ್ಕೆ ಕೈ ಊರಿದ ಸೇಠರು ಮತ್ತೆ ಕೂತರು. ಇಷ್ಟು ದಿನ ಕೇಳಬೇಕೆಂದು ಹೊಳೆಯದೇ ಇದ್ದದ್ದು ಈಗ ಹೊಳೆದಿತ್ತು.

“ಖರೇ ಹೇಳ್ರೀ ಬಾಗಕ್ಕ. ಇಷ್ಟು ವರ್ಷ ರುಚಿ ನೋಡೀರಿ. ಈ ಬೇರು ತಿಂದ್ರ ನಿದ್ದಿ ಬರ್ತದೇನು?”

“ನನಗೆ ಎಂತ ಗೊತ್ತುಂಟು ಸೇಟ್ರೇ? ನಿದ್ದೆ ಬಾರದವರನ್ನ ಕೇಳ್ಬೇಕು ಅದು. ಡಬ್ಬಿಯ ಮೇಲೆ ಬರೆದದ್ದೇ ಒಳಗೆ ಉಂಟಾ ಅಂತ ಕೇಳಿ, ಅದು ಹೇಳ್ತೇನೆ.”

ಸೇಠರು ತಲೆಯಾಡಿಸಿದರು. ನಲವತ್ತು ವರ್ಷದ ವ್ಯಾಪಾರದಲ್ಲಿ, ತನಗೆ ಗೊತ್ತಿರುವುದು ಇಷ್ಟು, ಇದರಾಚೆ ಗೊತ್ತಿಲ್ಲ ಎಂದು ಗೆರೆ ಎಳೆದು ಹೇಳಿದ ಒಬ್ಬ ಪರೀಕ್ಷಕನನ್ನೂ ಅವರು ಕಂಡಿರಲಿಲ್ಲ. ಹೊರಗೆ ಬಂದು ಕಂಪನಿಗೆ ಕಳಿಸುವ ವರದಿಯ ಫಾರ್ಮು ತೆಗೆದರು. ‘ಪರೀಕ್ಷಿಸಿದವರು’ ಎಂಬ ಕಡೆ ಲ್ಯಾಬಿನ ಹೆಸರು ಬರೆಯಲು ಹೋದ ಮಗಳ ಕೈ ತಡೆದು, ಮೇಲಿನ ಸಾಲಿನಲ್ಲಿ ಮೊದಲು ಬಾಗಕ್ಕನ ಹೆಸರನ್ನು ತಾವೇ ಬರೆದರು. ಪಕ್ಕದಲ್ಲಿ ‘ವಿಧಾನ’ ಎಂದಿತ್ತು. ಅಲ್ಲಿ ‘ನಾಲಿಗೆ’ ಎಂದು ತುಂಬಿ, ಲ್ಯಾಬಿಗೆ ಕೆಳಗಿನ ಸಾಲು ಬಿಟ್ಟುಕೊಟ್ಟರು.